ಶುಶ್ರೂಷೆಯೆಂಬ ದಾಸೋಹ

(ಕೇಶ್ವಾಪುರದ ಭಕ್ತಜನರ ಸಮ್ಮುಖದಲ್ಲಿ ಮಾಡಿದ ಉಪನ್ಯಾಸ)

 

ಶ್ರೀಮಠದ ಮಹೋತ್ಸವದ ಈ ಶುಭಪ್ರಸಂಗದಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರ ಮೊದಲಾದ ತತ್ತ್ವಗಳ ವಿವೇಚನೆಯು ನಡೆಯುವುದು ಸಹಜವು. ತತ್ತ್ವವು ದೀಪವಿದ್ದಂತೆ. ಮಠದಲ್ಲಿ ಹಚ್ಚಿದ ದೀಪವನ್ನು ಮನೆಯ ಕತ್ತಲೆಯ ಕೋಣೆಗೂ ಒಯ್ದಾಗಲೇ ಅದರ ಪ್ರಯೋಜನವು ಪೂರ್ಣವಾಗುವುದು. ಅಂಥ ಕೋಣೆಯೊಂದು ಅನೇಕ ಮನೆಗಳಲ್ಲಿ ಉಂಟು. ಅಲ್ಲಿ ರೋಗಿಯೊಬ್ಬರು ಮಲಗಿರುತ್ತಾರೆ. ಅವರ ಮಗ್ಗುಲಲ್ಲಿ ಇನ್ನೊಬ್ಬರು ಕುಳಿತಿರುತ್ತಾರೆ. ಮನೆಗೆ ಬಂದವರೆಲ್ಲರೂ ಮಲಗಿದವರ ಕ್ಷೇಮವನ್ನು ಕೇಳುತ್ತಾರೆ. ಕುಳಿತವರ ಕ್ಷೇಮವನ್ನು ಕೇಳುವವರು ವಿರಳರು. ಆ ಕುಳಿತವರ ತನುಮನಗಳ ಸ್ಥಿತಿಯೇನು, ಅದಕ್ಕೆ ಕಾರಣಗಳೇನು, ಶರಣಧರ್ಮವು ಅವರಿಗೂ ಅವರ ನೆರೆಹೊರೆಗೂ ಏನನ್ನು ಹೇಳುತ್ತದೆ ಎಂಬುದೇ ಇಂದಿನ ವಿಷಯವು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಎಣಿಸುತ್ತದೆ. ವೈದ್ಯನು, ಔಷಧದ್ರವ್ಯವು, ಪರಿಚಾರಕನು, ರೋಗಿಯು ಎಂಬಿವೇ ಆ ನಾಲ್ಕು. ಇವುಗಳಲ್ಲಿ ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಬೇಕೆಂದು ಹೇಳಿದೆ. ಪಾದವೆಂದರೆ ಕಾಲು. ನಾಲ್ಕು ಕಾಲಿನ ಮಂಚದಲ್ಲಿ ಒಂದು ಕಾಲು ಸವೆದರೆ ಉಳಿದ ಮೂರು ಕಾಲುಗಳು ಗಟ್ಟಿಯಾಗಿದ್ದರೂ ಮಲಗಿದವನು ಉರುಳುವನು. ಅನುರಾಗ, ದಕ್ಷತೆ ಮೊದಲಾದ ಗುಣಗಳು ಎಂಟು ದಿನಗಳ ಜ್ವರದಲ್ಲಿ ಯಾರಲ್ಲಿಯಾದರೂ ಕಾಣಬರುವುವು. ಅವು ಎಂಟು ವರ್ಷಗಳ ಬೇನೆಯಲ್ಲಿ ಬಾಡದೆ ಉಳಿಯಬೇಕಾದರೆ ಪರಿಚಾರಕನಿಗೂ ಯಾರಾದರೂ ನೀರೆರೆಯಬೇಕಾಗುವುದು.

ಈ ಮಾತನ್ನು ಕೇಶ್ವಾಪುರದ ಜನರಿಗೆ ಬೇರೆ ದೃಷ್ಟಾಂತದಿಂದ ಹೇಳಬೇಕಾಗಿಲ್ಲ. ಇದು ರೇಲ್ವೆಯ ನೆರಳಿನಲ್ಲಿ ಬೆಳೆದ ಭಾಗವು. ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿಯೂ ನಿಲ್ದಾಣದಲ್ಲಿಯೂ ದುಡಿದವರ ಮನೆಗಳು ಇಲ್ಲಿ ತಲೆಮಾರುಗಳಿಂದ ಇವೆ. 2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೇಲ್ವೆಯ ಮುಖ್ಯಸ್ಥಾನವಾಯಿತು. ಪಾಳಿ ಎಂಬ ಶಬ್ದದ ಅರ್ಥವು ಇಲ್ಲಿಯ ಮಕ್ಕಳಿಗೂ ಗೊತ್ತು. ಹಗಲಿನ ಪಾಳಿ ಮುಗಿಸಿದವನನ್ನು ರಾತ್ರಿಯ ಪಾಳಿಗೂ, ಮರುದಿನದ ಪಾಳಿಗೂ ನಿಲ್ಲಿಸುವ ಪದ್ಧತಿಯಿಲ್ಲ. ಎಂಜಿನ್ ನಡೆಸುವವನಿಗೆ ಇಷ್ಟು ಗಂಟೆಗಳ ವಿಶ್ರಾಂತಿಯು ಇರತಕ್ಕದ್ದೆಂದು ನಿಯಮವುಂಟು. ಅದು ಅವನ ಮೇಲಿನ ದಯೆಯಿಂದ ಮಾತ್ರವೇ ಹುಟ್ಟಿದ್ದಲ್ಲ. ನಿದ್ದೆಗೆಟ್ಟವನ ಕೈಯಲ್ಲಿ ಸಾವಿರ ಜನರ ಪ್ರಾಣವಿರಕೂಡದೆಂಬ ವಿವೇಕದಿಂದಲೂ ಹುಟ್ಟಿದ್ದು. ದವಾಖಾನೆಯಲ್ಲಿಯೂ ದಾದಿಯರು ಪಾಳಿಯ ಮೇಲೆಯೇ ಬರುತ್ತಾರೆ. ಆದರೆ ಅದೇ ರೋಗಿಯು ಮನೆಗೆ ಬಂದೊಡನೆ ಆ ಎಲ್ಲ ಪಾಳಿಗಳೂ ಒಬ್ಬರ ಮೈಮೇಲೆ ಬೀಳುವುವು. ಆ ಒಬ್ಬರು ಪ್ರಾಯಶಃ ಮನೆಯ ಸೊಸೆ, ಇಲ್ಲವೆ ಮದುವೆಯಾಗದ ಮಗಳು, ಇಲ್ಲವೆ ರೋಗಿಯಷ್ಟೇ ಮುಪ್ಪಾದ ಹೆಂಡತಿ. ಪಿಂಚಣಿಯ ಮೇಲಿರುವ ಮುದುಕನು ಹಾಸಿಗೆ ಹಿಡಿದ ಹೆಂಡತಿಗೆ ಗಂಜಿ ಕಾಯಿಸಿ ಕುಡಿಸುವ ಮನೆಗಳೂ ಇಲ್ಲದಿಲ್ಲ.

1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪಿತವಾಯಿತು. ಜನರು ಕಿಮ್ಸ್ ಎಂದು ಕರೆಯುತ್ತ ಬಂದಿರುವ ಅದರ ದವಾಖಾನೆಗೆ ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ರೋಗಿಗೆ ಮಂಚವುಂಟು, ಜೊತೆಗೆ ಬಂದವರಿಗೆ ನೆಲವೇ ಹಾಸಿಗೆ, ಗಂಟಿನಲ್ಲಿ ಕಟ್ಟಿಕೊಂಡು ತಂದ ರೊಟ್ಟಿಯೇ ಊಟ. ಆದರೂ ಅಲ್ಲಿ ಒಬ್ಬರ ಕಷ್ಟವನ್ನು ಮತ್ತೊಬ್ಬರು ಕೇಳುತ್ತಾರೆ. ಪಕ್ಕದ ಹಾಸಿಗೆಯವರ ತಾಯಿಗೆ ಈ ಹಾಸಿಗೆಯವರ ಮಗಳು ನೀರು ಕೊಡುತ್ತಾಳೆ. ಮನೆಗೆ ಬಂದ ಮೇಲೆ ಬಾಗಿಲು ಮುಚ್ಚುವುದು. ಒಂಟಿತನವು ಅಲ್ಲಿಂದ ಪ್ರಾರಂಭವಾಗುವುದು.

ಮೊದಲಿನ ಕಾಲದಲ್ಲಿ ಅವಿಭಕ್ತ ಕುಟುಂಬವಿತ್ತು, ಆದುದರಿಂದ ಈ ತೊಂದರೆಯಿರಲಿಲ್ಲವೆಂದು ಹಲವರು ಹೇಳುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ. ನವಲಗುಂದ, ಕುಂದಗೋಳಗಳ ಒಕ್ಕಲುಮನೆಗಳಲ್ಲಿ ಕೈಗಳು ಹೆಚ್ಚಾಗಿದ್ದವು. ಒಬ್ಬಳು ರೊಟ್ಟಿ ಬಡಿಯುವಾಗ ಇನ್ನೊಬ್ಬಳು ಮುದುಕಿಯ ಬಳಿಯಲ್ಲಿ ಕೂಡ್ರುವಳು. ನೌಕರಿಯ ನಿಮಿತ್ತವಾಗಿ ಪೇಟೆಗೆ ಬಂದು ಎರಡು ಕೋಣೆಗಳಲ್ಲಿ ಬಾಳುವ ಸಂಸಾರಕ್ಕೆ ಆ ಕೈಗಳಿಲ್ಲ. ಮಕ್ಕಳು ಬೆಂಗಳೂರು, ಪುಣೆಗಳಿಗೆ ಹೋಗಿರುತ್ತಾರೆ. ಆದರೆ ಉಳಿದರ್ಧ ಸತ್ಯವನ್ನೂ ಮರೆಯಲಾಗದು. ಹತ್ತು ಜನರ ಮನೆಯಲ್ಲಿಯೂ ಮಲಮೂತ್ರದ ಕೆಲಸವು ಕಿರಿಯ ಸೊಸೆಯ ಪಾಲಿಗೇ ಬರುತ್ತಿದ್ದಿತು. ನೆಗೆಣ್ಣಿಯರಲ್ಲಿ ಬಡವರ ಮನೆಯಿಂದ ಬಂದವಳ ಪಾಲಿಗೆ ಬರುತ್ತಿದ್ದಿತು. ಕೈಗಳ ಸಂಖ್ಯೆಯು ಹೆಚ್ಚಾದಷ್ಟಕ್ಕೆ ಪಾಲು ನ್ಯಾಯವಾಗುವುದಿಲ್ಲ. ಆದುದರಿಂದ ಹಿಂದಿನದನ್ನು ನೆನೆದು ನಿಟ್ಟುಸಿರುಬಿಡುವುದಕ್ಕಿಂತ ಇಂದಿನ ಪಾಲನ್ನು ವಿಚಾರಿಸುವುದು ಯುಕ್ತವು.

ಶುಶ್ರೂಷೆ ಮಾಡುವವರ ಭಾರವು ಮೂರು ವಿಧವಾದುದು: ತನುವಿನದು, ಮನದ್ದು, ಧನದ್ದು.

ತನುವಿನ ಭಾರವು ಕಣ್ಣಿಗೆ ಕಾಣುವಂಥದು. ಲಕ್ವಾ ಹೊಡೆದು ಮಲಗಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವುದು. ಎರಡು ಗಂಟೆಗೊಮ್ಮೆ ಎಂದರೆ ರಾತ್ರಿಯಲ್ಲಿಯೂ ಎರಡು ಗಂಟೆಗೊಮ್ಮೆಯೇ. ಎತ್ತಿ ಕೂಡ್ರಿಸುವುದರಿಂದ ಸೊಂಟವು ಹೋಗುವುದು. ರೋಗಿಯ ಔಷಧದ ಹೊತ್ತನ್ನು ತಪ್ಪದೆ ನೆನೆಯುವವಳು ತನ್ನ ರಕ್ತದೊತ್ತಡದ ಗುಳಿಗೆಯನ್ನು ಮರೆಯುವಳು. ಇದರ ಪರಿಣಾಮವನ್ನು ಪಾಶ್ಚಾತ್ಯ ವಿದ್ವಾಂಸರು ಅಳೆದು ನೋಡಿದ್ದಾರೆ. ಮರೆವಿನ ರೋಗವುಳ್ಳ ಬಂಧುಗಳ ಆರೈಕೆ ಮಾಡುತ್ತಿದ್ದ 13 ಜನ ಸ್ತ್ರೀಯರ ತೋಳಿನಲ್ಲಿ ಒಂದು ಸಣ್ಣ ಗಾಯವನ್ನು ಮಾಡಿ, ಅದು ಮಾಯುವ ದಿನಗಳನ್ನು ಎಣಿಸಿದರು. ಅಂಥ ಭಾರವಿಲ್ಲದ 13 ಜನರೊಡನೆ ಹೋಲಿಸಿದಾಗ, ಆರೈಕೆ ಮಾಡುವವರ ಗಾಯವು ಮಾಯಲು ಸುಮಾರು 9 ದಿನಗಳು ಹೆಚ್ಚು ಹಿಡಿದವು. ಈ ಶೋಧವು ಅಮೇರಿಕೆಯಲ್ಲಿ ನಡೆದು 1995ರಲ್ಲಿ ಪ್ರಕಟವಾಯಿತು. ಮನಸ್ಸಿನ ದಣಿವು ಚರ್ಮದವರೆಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯು ಬೇಕಾಗಿಲ್ಲ.

ಇದಕ್ಕಿಂತಲೂ ಮನನೀಯವಾದುದು ಅದೇ ದೇಶದಲ್ಲಿ 1999ರಲ್ಲಿ ಪ್ರಕಟವಾದ ಇನ್ನೊಂದು ಅಭ್ಯಾಸವು. ಮುಪ್ಪಿನಲ್ಲಿ ಗಂಡನ ಅಥವಾ ಹೆಂಡತಿಯ ಸೇವೆ ಮಾಡುತ್ತ ಅದರ ಒತ್ತಡದಿಂದ ಬಳಲುತ್ತಿದ್ದವರು, ಅಂಥ ಸೇವೆಯ ಹೊಣೆಯಿಲ್ಲದವರಿಗಿಂತ ನಾಲ್ಕು ವರ್ಷಗಳಲ್ಲಿ ಮರಣಹೊಂದುವ ಸಂಭವವು ನೂರಕ್ಕೆ 63ರಷ್ಟು ಹೆಚ್ಚಾಗಿತ್ತು. ಆದರೆ ಸೇವೆ ಮಾಡುತ್ತಿದ್ದರೂ ಒತ್ತಡದಿಂದ ಬಳಲದೆ ಇದ್ದವರಲ್ಲಿ ಆ ಹೆಚ್ಚಳವು ಕಾಣಲಿಲ್ಲ. ಶರಣಬಂಧುಗಳು ಈ ಎರಡನೆಯ ಮಾತನ್ನು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಮನುಷ್ಯನನ್ನು ಕುಗ್ಗಿಸುವುದು ಸೇವೆಯಲ್ಲ. ಸೇವೆಯ ಕೆಳಗೆ ಒಬ್ಬನೇ ಸಿಕ್ಕಿಕೊಳ್ಳುವುದು ಕುಗ್ಗಿಸುವುದು. ಹೊರೆಯನ್ನು ಇಳಿಸಲಾಗದಿದ್ದರೂ ಹೊರುವ ರೀತಿಯನ್ನು ಬದಲಿಸಬಹುದೆಂಬ ಆಶೆಯು ಈ ಒಂದು ಮಾತಿನಲ್ಲಿ ಅಡಗಿದೆ.

ಮನದ ಭಾರವು ಕಾಣಿಸದು. ಆದುದರಿಂದ ಹೆಚ್ಚು ಕಠಿಣವು. ಮೊದಲನೆಯದು ದುಃಖ. ಬದುಕಿರುವ ತಂದೆಯೇ ಮಗನ ಹೆಸರನ್ನು ಮರೆತಾಗ, ಆ ಮಗನು ತಂದೆಯನ್ನು ಒಮ್ಮೆ ಕಳೆದುಕೊಂಡಂತಾಗುವುದು; ಮರಣದ ದಿನ ಇನ್ನೊಮ್ಮೆ ಕಳೆದುಕೊಳ್ಳಬೇಕಾಗುವುದು. ಎರಡನೆಯದು ಸಿಟ್ಟು. ಮರೆವಿನ ರೋಗವುಳ್ಳ ಅತ್ತೆಯು ತಾನೇ ಇಟ್ಟ ಸರವನ್ನು ಮರೆತು, ಊಟ ಹಾಕುವ ಸೊಸೆಯನ್ನೇ ಕಳ್ಳಿ ಎನ್ನುವಳು. ಅದು ಅತ್ತೆಯ ಮಾತಲ್ಲ, ರೋಗದ ಮಾತು ಎಂದು ವೈದ್ಯರು ತಿಳಿಸಿ ಹೇಳಿದ ಮನೆಯಲ್ಲಿ ಆ ಮಾತು ಬಂದುಹೋಗುವುದು. ತಿಳಿಸದ ಮನೆಯಲ್ಲಿ ಅದು ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿಯುವುದು. ಮೂರನೆಯದು ಅಪರಾಧಭಾವ. ಸಿಟ್ಟಿನ ಭರದಲ್ಲಿ ಒಂದು ಮಾತು ಹೆಚ್ಚಾಗಿ ಆಡಿದವಳು ರಾತ್ರಿಯೆಲ್ಲ ಅಳುವಳು. ಎಷ್ಟೋ ಜನರ ಮನಸ್ಸಿನಲ್ಲಿ, ಇದೆಲ್ಲ ಬೇಗ ಮುಗಿದುಹೋದರೆ ಸಾಕು ಎಂಬ ವಿಚಾರವು ಒಮ್ಮೊಮ್ಮೆ ಹಾದುಹೋಗುವುದು. ಹಾದುಹೋದ ಕೂಡಲೆ ತಾನು ಎಂಥ ಪಾಪಿಯೆಂದು ಅವರು ನಡುಗುವರು. ಆ ವಿಚಾರವು ಪಾಪವಲ್ಲ. ಅದು ದಣಿವು ಆಡುವ ಮಾತು. ನೀರಡಿಸಿದವನಿಗೆ ನೀರಿನ ನೆನಪಾಗುವಂತೆ ದಣಿದವನಿಗೆ ಕೊನೆಯ ನೆನಪಾಗುವುದು. ಈ ಮಾತನ್ನು ಮಠದ ಪೀಠದಿಂದ ಬಿಚ್ಚಿ ಹೇಳದಿದ್ದರೆ ಅವರು ಅದನ್ನು ಮತ್ತೆಲ್ಲಿ ಕೇಳುವರು?

ರೋಗವು ಮನಸ್ಸಿಗೆ ಸಂಬಂಧಪಟ್ಟದ್ದಾದರೆ ಇವೆಲ್ಲವುಗಳ ಮೇಲೆ ಲಜ್ಜೆಯೊಂದು ಸೇರುವುದು. ಮಗಳ ಲಗ್ನವು ನಿಂತೀತೆಂಬ ಅಂಜಿಕೆಯಿಂದ ರೋಗಿಯನ್ನು ಒಳಕೋಣೆಯಲ್ಲಿಟ್ಟು, ಅವನೊಡನೆ ಅವನ ತಾಯಿಯೂ ಒಳಗೇ ಉಳಿಯುವಳು. ಧಾರವಾಡದಲ್ಲಿ 1845ರಲ್ಲಿ ಸ್ಥಾಪಿತವಾಗಿ, ಬಹುಕಾಲ ಹುಚ್ಚರ ದವಾಖಾನೆಯೆಂದೇ ಜನರ ಬಾಯಲ್ಲಿದ್ದ ಸಂಸ್ಥೆಯು ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಮಾನಸಿಕ ರೋಗಗಳ ಚಿಕಿತ್ಸೆಯನ್ನೂ ಶಿಕ್ಷಣವನ್ನೂ ನಡೆಸುತ್ತಿದೆ. ಹಿಂದಿನ ಅಂಥ ಸಂಸ್ಥೆಗಳಲ್ಲಿ ರೋಗಿಯು ಗೋಡೆಯ ಒಳಗೆ, ಮನೆಯವರು ಗೋಡೆಯ ಹೊರಗೆ ಎಂಬುದೇ ರೂಢಿಯಾಗಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಚಿಕಿತ್ಸಾಲಯದಲ್ಲಿ ಡಾಕ್ಟರ್ ವಿದ್ಯಾಸಾಗರ ಅವರು ಮನೆಯವರಿಗಾಗಿ ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿ, ರೋಗಿಯೊಡನೆ ಅವರನ್ನೂ ಇರಿಸಿಕೊಂಡರು. ರೋಗದ ಸ್ವರೂಪವನ್ನು ಅವರಿಗೆ ತಿಳಿಸಿಕೊಟ್ಟರು. ಮನೆಯವರ ಅಂಜಿಕೆಯು ಕಡಿಮೆಯಾಯಿತು. ರೋಗಿಗಳು ಮನೆಗೆ ಮರಳುವುದು ಸುಲಭವಾಯಿತು. ವೇಲ್ಲೂರಿನಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮನೆಯವರೊಡನೆ ರೋಗಿಯನ್ನಿರಿಸುವ ಕ್ರಮವು ಬೆಳೆಯಿತು. ಭಾರತವು ಜಗತ್ತಿಗೆ ತೋರಿಸಿದ ಒಳ್ಳೆಯ ದಾರಿಗಳಲ್ಲಿ ಇದೊಂದು. ಆದರೆ ಮನೆಯವರೇ ದೊಡ್ಡ ಔಷಧವೆಂದು ಕಂಡುಕೊಂಡ ಮೇಲೆ, ಆ ಔಷಧವು ಬರಿದಾಗದಂತೆ ನೋಡಿಕೊಳ್ಳುವ ಹೊಣೆಯೂ ಸಮಾಜಕ್ಕೆ ಬಂದಿತೆಂಬುದನ್ನು ಮರೆಯಲಾಗದು.

ಧನದ ಭಾರವನ್ನು ವಿಸ್ತರಿಸಬೇಕಾಗಿಲ್ಲ. ಔಷಧದ ವೆಚ್ಚವು ಎಲ್ಲರಿಗೂ ಕಾಣುವುದು. ಆರೈಕೆಗಾಗಿ ಬಿಟ್ಟ ನೌಕರಿಯ ಪಗಾರ, ಒತ್ತೆಯಿಟ್ಟ ತಾಳಿಯ ಸರ, ಅಜ್ಜಿಯ ಬಳಿಯಲ್ಲಿ ಕೂಡ್ರಲೆಂದು ಶಾಲೆ ಬಿಡಿಸಿದ ಹುಡುಗಿಯ ಮುಂದಿನ ಆಯುಷ್ಯ, ಇವು ಯಾರ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಾಯಿಗೆ ಲಕ್ವಾ ಹೊಡೆದು ನಾಲ್ಕು ವರ್ಷಗಳಾಗಿವೆ. ಮೂವರು ಗಂಡುಮಕ್ಕಳು. ಹಿರಿಯನು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಹಣ ಕಳಿಸುವನು. ನಡುವಿನವನು ಹಬ್ಬಕ್ಕೆ ಬಂದು ತಾಯಿಯ ಕಾಲು ಹಿಡಿದು ಕಣ್ಣೀರು ತೆಗೆದು ಹೋಗುವನು. ಕಿರಿಯನ ಹೆಂಡತಿಯು ಹಗಲಿರುಳು ಸೇವೆಯಲ್ಲಿರುವಳು. ಬೀಗರು ನೋಡಲಿಕ್ಕೆ ಬರುವರು, ಚಹಾ ಕುಡಿದು, "ಎಷ್ಟ ಸೊರಗ್ಯಾರಲ್ಲ ನಿಮ್ಮ ಅತ್ತಿಯವರು! ಹೊತ್ತಿಗೆ ಸರಿಯಾಗಿ ಉಣ್ಣಾಕ ಕೊಡ್ತೀಯೋ ಇಲ್ಲೋ, ತಂಗಿ?" ಎಂದು ಕೇಳಿ ಎದ್ದುಹೋಗುವರು. ಇನ್ನೊಬ್ಬರು, ಇದು ಹಿಂದಿನ ಜನ್ಮದ ಕರ್ಮ, ಉಣ್ಣಲೇಬೇಕು ಎನ್ನುವರು. ಮತ್ತೊಬ್ಬರು, ಇಂಥ ಸೊಸೆಯು ಲಕ್ಷಕ್ಕೊಬ್ಬಳು, ಸಾಕ್ಷಾತ್ ತ್ಯಾಗಮೂರ್ತಿ ಎಂದು ಕೊಂಡಾಡುವರು. ಮೊದಲನೆಯವರ ನಿಂದೆಯು ನೋಯಿಸುವುದು, ಎರಡನೆಯವರ ವೇದಾಂತವು ಬಾಯಿ ಕಟ್ಟುವುದು. ಮೂರನೆಯವರ ಹೊಗಳಿಕೆಯು ಹಿತವೆನಿಸಿದರೂ ಅದರಲ್ಲಿ ಒಂದು ಹಗ್ಗವಿದೆ. ಮೂರ್ತಿಯೆಂದು ಪೂಜಿಸಿದ ಬಳಿಕ ಮೂರ್ತಿಗೆ ಬೆನ್ನುನೋವಿದೆಯೆಂದು ಹೇಳಿಕೊಳ್ಳುವ ಅವಕಾಶವಿಲ್ಲ. ಮೂವರೂ ಮಾತನಾಡಿದರು, ಒಬ್ಬರಾದರೂ ಒಂದು ಗಂಟೆ ಅತ್ತೆಯ ಬಳಿಯಲ್ಲಿ ಕುಳಿತು ಅವಳನ್ನು ಮಲಗಲು ಕಳಿಸಲಿಲ್ಲ. ಸೇವೆಯನ್ನು ಹೊಗಳುವುದು ಸೇವೆಯಲ್ಲಿ ಪಾಲುಗೊಂಡಂತಲ್ಲ.

ಶರಣಧರ್ಮವು ಇಂಥವಳಿಗೆ ಏನು ಹೇಳುತ್ತದೆ? ಮೊದಲು ಅವಳ ಮನಸ್ಸಿನ ಒಂದು ದೊಡ್ಡ ಅಳುಕನ್ನು ತೆಗೆಯಬೇಕಾಗಿದೆ. ಮಠಕ್ಕೆ ಬಂದು ವರ್ಷವಾಯಿತು, ಪೂಜೆಗೆ ಸಾವಧಾನವಿಲ್ಲ, ಬಟ್ಟೆಯೆಲ್ಲ ಮೈಲಿಗೆ ಎಂದು ಅವಳು ಕುಗ್ಗಿರುತ್ತಾಳೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು 12ನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಲಿಂಗವು ನೆಲೆಸಿದ ದೇಹವನ್ನು ತೊಳೆಯುವ ಕೈಗೆ ಮೈಲಿಗೆಯೆಲ್ಲಿಯದು? ಎಡಗೈಯೇ ನಿರ್ಜೀವವಾಗಿ ಬಿದ್ದ ಅತ್ತೆಯ ಕರಸ್ಥಲವನ್ನು ತನ್ನ ಕೈಯಿಂದ ಎತ್ತಿ ಹಿಡಿದು, ಅದರಲ್ಲಿ ಅವಳ ಇಷ್ಟಲಿಂಗವನ್ನಿರಿಸಿ, ಹಣೆಗೆ ವಿಭೂತಿ ಹಚ್ಚುವ ಸೊಸೆಯು ಪೂಜೆಯಿಂದ ದೂರವಾದವಳಲ್ಲ.

ನುಲಿಯ ಚಂದಯ್ಯನವರ ಚರಿತ್ರೆಯು ಭಕ್ತರಿಗೆ ವಿದಿತವಾದುದು. ಹಗ್ಗ ಹೊಸೆಯುವ ಆ ಶರಣರು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಅವರು ಕಾಯಕವನ್ನು ನಿಲ್ಲಿಸದೆ ನಡೆದರು. ಲಿಂಗಕ್ಕಿಂತಲೂ ಕಾಯಕವನ್ನು ಹಿಡಿದ ಆ ನಿಷ್ಠೆಯನ್ನು ಕೊಂಡಾಡುವವರು, ಚರಿತ್ರೆಯು ಅಲ್ಲಿಗೇ ಮುಗಿಯುವುದಿಲ್ಲವೆಂಬುದನ್ನೂ ನೆನೆಯಬೇಕು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅವರೊಡನೆ ವಾದಿಸಿ, ಲಿಂಗದ ಸಂಗವೂ ಬೇಕೆಂಬುದನ್ನು ಮನಗಾಣಿಸುತ್ತಾರೆ. ಅಂದರೆ ಕಾಯಕವು ಪೂಜೆಯಾಗಬಲ್ಲದು, ನಿಜ. ಆದರೆ ಕಾಯಕದಲ್ಲಿ ತನ್ನನ್ನೇ ತಾನು ಕಳೆದುಕೊಳ್ಳುವುದು ಗುರಿಯಲ್ಲ. ತನ್ನೊಳಗಿನ ಚೈತನ್ಯದೊಡನೆ ಕೂಡ್ರುವ ಅರ್ಧ ಗಂಟೆಯು ಶುಶ್ರೂಷೆ ಮಾಡುವವರಿಗೂ ಸಲ್ಲತಕ್ಕ ಹಕ್ಕು.

ಕಾಯಕಕ್ಕೆ ಮಿತಿಯುಂಟೆಂಬುದನ್ನು ಕಲಿಸಿದವರು ಆಯ್ದಕ್ಕಿ ಲಕ್ಕಮ್ಮನವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆ ತಾಯಿಯು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದರು. ಈ ಕಥೆಯನ್ನು ಆಶೆಯ ನಿಷೇಧವೆಂದು ಸಾಮಾನ್ಯವಾಗಿ ವಿವರಿಸುತ್ತಾರೆ, ಅದು ಸರಿಯೇ. ಇನ್ನೊಂದು ಅರ್ಥವೂ ಅದರಲ್ಲಿ ಹೊಂದುವುದು. ಒಬ್ಬರ ಉಡಿಗೆ ಅವರ ಪಾಲಿಗಿಂತ ಹೆಚ್ಚು ಬಂದಿದ್ದರೆ ಎಲ್ಲಿಯೋ ಲೆಕ್ಕ ತಪ್ಪಿದೆ. ಅಕ್ಕಿಯ ವಿಷಯದಲ್ಲಿ ಯಾವ ನ್ಯಾಯವೋ ಭಾರದ ವಿಷಯದಲ್ಲಿಯೂ ಅದೇ ನ್ಯಾಯವು. ಒಬ್ಬ ಸೊಸೆಯ ಉಡಿಯಲ್ಲಿ ಮೂರು ಮನೆಗಳ ಪಾಲಿನ ಸೇವೆಯು ಬಿದ್ದಿದ್ದರೆ, ಹೆಚ್ಚಿನದನ್ನು ಅದು ಸಲ್ಲಬೇಕಾದಲ್ಲಿಗೆ ಹಿಂತಿರುಗಿಸುವುದು ಅಧರ್ಮವಲ್ಲ, ಕೇಳಿಕೊಳ್ಳುವುದು ದೌರ್ಬಲ್ಯವಲ್ಲ.

ಆ ಹಿಂತಿರುಗಿದ ಪಾಲನ್ನು ಸ್ವೀಕರಿಸುವುದೇ ದಾಸೋಹವು. ತನು, ಮನ, ಧನಗಳಿಂದ ದಾಸೋಹ ಮಾಡಬೇಕೆಂದು ಹೇಳುವ ಧರ್ಮದಲ್ಲಿ, ಭಾರವು ಮೂರು ಬಗೆಯದಾಗಿದ್ದರೆ ಸಹಾಯವೂ ಮೂರು ಬಗೆಯದಾಗಿರತಕ್ಕದ್ದು.

ಧನದಾಸೋಹವು ಎಲ್ಲಕ್ಕಿಂತ ಸುಲಭವಾದುದು. ದೂರದಲ್ಲಿರುವ ಮಕ್ಕಳು ಹಣ ಕಳಿಸುವುದು ಯೋಗ್ಯವೇ. ಅದನ್ನು ಕೂಡ ಮಾಡದವರಿಗಾಗಿ 2007ರಲ್ಲಿ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾನೂನು ಬಂದಿತು. ಮುಪ್ಪಿನ ತಂದೆತಾಯಿಗಳಿಗೆ ಜೀವನಾಂಶ ಕೊಡುವ ಹೊಣೆಯನ್ನು ಅದು ಮಕ್ಕಳ ಮೇಲೆ ಹೊರಿಸಿತು. ಆದರೆ ಕಾನೂನು ಹಣವನ್ನು ಕೊಡಿಸಬಲ್ಲದು. ನಡುರಾತ್ರಿಯಲ್ಲಿ ಎದ್ದು ಮಗ್ಗುಲು ಬದಲಿಸುವ ಕೈಯನ್ನು ಕೊಡಿಸಲಾರದು. ಹಣ ಕಳಿಸಿದವನು ತನ್ನ ಪಾಲು ಮುಗಿಯಿತೆಂದು ತಿಳಿದರೆ ಅವನು ದಾಸೋಹದ ಮೂರನೆಯ ಒಂದಂಶವನ್ನು ಮಾತ್ರ ಮಾಡಿದಂತಾಯಿತು.

ತನುದಾಸೋಹವೆಂದರೆ ಪಾಳಿಯನ್ನು ತೆಗೆದುಕೊಳ್ಳುವುದು. ವರ್ಷಕ್ಕೊಮ್ಮೆ ಹಿರಿಯ ಮಗನು ರಜೆ ಪಡೆದು ಹದಿನೈದು ದಿನ ತಾಯಿಯ ಬಳಿಯಲ್ಲಿದ್ದು, ತಮ್ಮನ ಹೆಂಡತಿಯನ್ನು ತವರುಮನೆಗೆ ಕಳಿಸಿಕೊಡಲಿ. ಗಂಡಸರ ಕೈಗೆ ಈ ಕೆಲಸವು ಒಗ್ಗದೆಂಬುದು ಸಬೂಬು. ಕಾರ್ಖಾನೆಯಲ್ಲಿ ಕಬ್ಬಿಣವನ್ನು ಎತ್ತಿದ ಕೈಗಳು ಹಡೆದ ತಾಯಿಯನ್ನು ಎತ್ತಲಾರವೆ? ನೆರೆಯವರು ವಾರಕ್ಕೆ ಎರಡು ಗಂಟೆ ಬಂದು ಕೂಡ್ರಲಿ. ಕೇರಳದ ಕೋಳಿಕೋಡಿನಲ್ಲಿ 1993ರಲ್ಲಿ ನೋವಿನ ಶಮನಕ್ಕಾಗಿ ಒಂದು ಸಂಸ್ಥೆಯು ಹುಟ್ಟಿತು. ಕ್ರಮೇಣ ಊರೂರಿನ ಸಾಮಾನ್ಯ ಜನರೇ ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಅಲ್ಲಿಯ ಸರಕಾರವು ಇದನ್ನು ತನ್ನ ಧೋರಣೆಯಾಗಿಯೇ ಅಂಗೀಕರಿಸಿತು. ಅಲ್ಲಿ ಹೋಗುವವರಲ್ಲಿ ಎಲ್ಲರೂ ವೈದ್ಯರಲ್ಲ. ನೆರೆಯ ಮನೆಯ ಬಾಗಿಲನ್ನು ತಟ್ಟಲು ವೈದ್ಯವಿದ್ಯೆಯ ಪದವಿಯು ಬೇಕಾಗಿಲ್ಲ.

ಮನದಾಸೋಹವು ಖರ್ಚಿಲ್ಲದ್ದು, ಆದರೂ ದುರ್ಲಭವಾದದ್ದು. ಅದು ಕೇಳಿಸಿಕೊಳ್ಳುವುದು. ಬುದ್ಧಿ ಹೇಳದೆ, ಕರ್ಮವನ್ನು ತರದೆ, ಬೇರೆಯವರ ಮನೆಯ ಇದಕ್ಕಿಂತ ದೊಡ್ಡ ಕಷ್ಟವನ್ನು ಹೋಲಿಸದೆ, "ನಿನಗೆ ಹ್ಯಾಂಗ ಅದ ತಂಗಿ, ರಾತ್ರಿ ನಿದ್ದಿ ಆತೇನು?" ಎಂದು ಒಂದು ಪ್ರಶ್ನೆಯನ್ನು ಕೇಳಿ, ಉತ್ತರ ಮುಗಿಯುವವರೆಗೆ ಕೂಡ್ರುವುದು. ಅಳಲು ಬಂದರೆ ಅಳಗೊಡುವುದು. ಆ ದುಃಖವು ನೆರೆಯವರಿಂದ ತೀರದಷ್ಟಾಗಿ, ಊಟ ನಿದ್ದೆಗಳು ವಾರಗಟ್ಟಲೆ ತಪ್ಪಿ, ಬದುಕೇ ಬೇಡವೆಂಬ ಮಾತು ಬಂದರೆ, ಅದನ್ನು ಹಗುರಾಗಿ ಎಣಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಿಂದ ಟೆಲಿಮಾನಸ್ ಎಂಬ ಸರಕಾರದ ದೂರವಾಣಿಯ ವ್ಯವಸ್ಥೆಯಿದೆ. 14416 ಎಂಬ ಸಂಖ್ಯೆಗೆ ಯಾರಾದರೂ ಮಾತನಾಡಬಹುದು. ಹಿರಿಯರ ವಿಷಯದ ಸಹಾಯಕ್ಕಾಗಿ 14567 ಎಂಬ ಸಂಖ್ಯೆಯುಂಟು. ಮೈಯ ಬೇನೆಗೆ ಔಷಧ ಕೇಳುವುದು ನಾಚಿಕೆಯಲ್ಲದಿದ್ದರೆ ಮನಸ್ಸಿನ ಬೇನೆಗೆ ಕೇಳುವುದೂ ನಾಚಿಕೆಯಲ್ಲ.

ಶುಶ್ರೂಷೆ ಮಾಡುವವರಿಗೂ ಎರಡು ಮಾತುಗಳು ಸಲ್ಲುವುವು. ಸಹಾಯವು ಬಂದಾಗ, ಇನ್ನೊಬ್ಬರಿಗೆ ಇದು ಸರಿಯಾಗಿ ಬಾರದೆಂದು ತಿರುಗಿಸಿ ಕಳಿಸಬಾರದು. ಮಗನು ಉಣಿಸಿದ ಅಂಬಲಿಯು ನಾಲ್ಕು ಹನಿ ಸೆರಗಿನ ಮೇಲೆ ಚೆಲ್ಲಿದರೂ ಚೆಲ್ಲಲಿ. ತಾಯಿಗೆ ಅದು ಮಗನ ಕೈಯ ಅಂಬಲಿ. ಎರಡನೆಯದು, ಸೇವೆಯಲ್ಲಿ ದಣಿವಿನೊಡನೆ ತೃಪ್ತಿಯೂ ಉಂಟೆಂಬುದನ್ನು ಮುಚ್ಚಬೇಕಾಗಿಲ್ಲ. ಮಾತು ನಿಂತ ಅತ್ತೆಯು ಕಣ್ಣಿನಿಂದಲೇ ಗುರುತು ಹಿಡಿದ ದಿನದ ಸಂತೋಷವು, ಅದನ್ನು ಕಂಡವಳದೇ. ದಣಿವನ್ನು ಹೇಳಿಕೊಂಡರೆ ಪ್ರೀತಿಯು ಸುಳ್ಳಾಗುವುದಿಲ್ಲ. ಪ್ರೀತಿಯಿದೆಯೆಂದು ದಣಿವು ಸುಳ್ಳಾಗುವುದೂ ಇಲ್ಲ.

ರೋಗಿಯು ಲಿಂಗೈಕ್ಯರಾದ ಬಳಿಕವೂ ಈ ಕರ್ತವ್ಯವು ತೀರುವುದಿಲ್ಲ. ಕ್ರಿಯಾಸಮಾಧಿಗೆ ನೂರಾರು ಜನರು ಕೂಡುವರು. ಹನ್ನೊಂದನೆಯ ದಿನದ ಹೊತ್ತಿಗೆ ಹೊಲಮನೆಗಳ ಪಾಲಿನ ಮಾತು ಏಳುವುದು. ವರ್ಷಗಟ್ಟಲೆ ಎರಡು ಗಂಟೆಗೊಮ್ಮೆ ಎದ್ದವಳಿಗೆ ಆಮೇಲೂ ರಾತ್ರಿ ಎಚ್ಚರವಾಗುವುದು. ಎದ್ದು ನೋಡಿದರೆ ಹಾಸಿಗೆಯು ಬರಿದು. ಆ ಬರಿದು ಹಾಸಿಗೆಯ ದಿನಗಳಲ್ಲಿ ಅವಳನ್ನು ನೋಡಲಿಕ್ಕೆ ಹೋಗುವವನೇ ನಿಜವಾದ ಬಂಧುವು.

ಕೊನೆಯದಾಗಿ ಶ್ರೀಮಠದ ಕಡೆಗೆ ಒಂದು ಬಿನ್ನಹವು. ಜಂಗಮವೆಂದರೆ ಚಲಿಸುವುದು. ಉತ್ಸವಕ್ಕೆ ಬಂದವರ ಎಣಿಕೆಯನ್ನು ಎಲ್ಲ ಮಠಗಳೂ ಮಾಡುವುವು. ಬರಲಾರದವರ ಎಣಿಕೆಯನ್ನು ಮಾಡುವುದು ಶ್ರೇಷ್ಠವು. ಈ ಓಣಿಗಳಲ್ಲಿ ಯಾವ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಅವರ ಬಳಿಯಲ್ಲಿ ಯಾರು ಒಬ್ಬರೇ ಕುಳಿತಿದ್ದಾರೆ ಎಂಬುದನ್ನು ಭಕ್ತಮಂಡಲಿಯು ಕೇಳಿ ತಿಳಿಯಲಿ. ಪ್ರಸಾದದ ಪಂಕ್ತಿಯು ಏಳುವ ಮುನ್ನ ಆ ಮನೆಗಳಿಗೆ ಪ್ರಸಾದವು ಹೋಗಲಿ. ಒಯ್ದವರು ಬಾಗಿಲಲ್ಲಿ ಕೊಟ್ಟು ಮರಳದೆ ಒಳಗೆ ಹೋಗಿ ಒಂದು ಗಂಟೆ ಕೂಡ್ರಲಿ. ಆ ಒಂದು ಗಂಟೆಯಲ್ಲಿ ಒಬ್ಬ ತಾಯಿಯು ನಿಶ್ಚಿಂತೆಯಿಂದ ನಿದ್ರಿಸಿದರೆ, ಮಹೋತ್ಸವದ ಪುಣ್ಯದಲ್ಲಿ ಅವಳಿಗೂ ಪಾಲು ದೊರೆತಂತಾಗುವುದು. ಸದ್ಗುರುನಾಥನು ಎಲ್ಲರಿಗೂ ಅಂಥ ಸನ್ಮತಿಯನ್ನು ದಯಪಾಲಿಸಲಿ.